ನಾಲ್ಕು ಸಾಲು ಮಾತಿಗೆ 18 ತಿಂಗಳು

ಅಮೆರಿಕದ ನ್ಯಾಶ್‌ವಿಲ್‌ಗೆ ಬಂದು ಆರು ವರ್ಷವಾದರೂ ನನಗೆ ಕಂಟ್ರಿ ಸಂಗೀತ ಅಂದರೆ ಬ್ರಾಡ್‌ವೇ ರಸ್ತೆಯ ಗದ್ದಲ ಅಷ್ಟೇ ಆಗಿತ್ತು. ಊರಿಂದ ಯಾರಾದರೂ ಬಂದರೆ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಸಾಲಾಗಿರುವ ಹಾಂಕಿ ಟಾಂಕ್‌ಗಳ, ಅಂದರೆ ಹಾಡು ನಡೆಯುವ ಬಾರ್‌ಗಳ ಬಾಗಿಲಲ್ಲಿ ನಿಂತು ಎರಡು ಹಾಡು ಕೇಳುವುದು, ರೈಮನ್ ಆಡಿಟೋರಿಯಂ ಮುಂದೆ ಫೋಟೊ ತೆಗೆಸಿಕೊಳ್ಳುವುದು, ಮರುದಿನ ಗಣೇಶನ ದೇವಸ್ಥಾನಕ್ಕೆ ಹೋಗಿ ಬರುವುದು. ಅಲ್ಲಿಗೆ ಊರು ತೋರಿಸಿದ ಹಾಗಾಯಿತು.

ನಾವು ಬಾಡಿಗೆ ಮನೆ ಬದಲಾಯಿಸಿದ ವರ್ಷ ಒಂದು ಸಂಜೆ ಹಿತ್ತಲಲ್ಲಿ ಬಟ್ಟೆ ಎತ್ತುತ್ತಿದ್ದೆ. ಬೇಲಿಯ ಆಚೆಯಿಂದ ಒಂದು ನಾದ ಕೇಳಿಸಿತು. ಸ್ವರದಿಂದ ಸ್ವರಕ್ಕೆ ಜಾರಿಕೊಂಡು ಹೋಗುವ, ನಡುವೆ ಎಲ್ಲೂ ಕಡಿಯದ ನಾದ. ಒಂದು ಕ್ಷಣ ಗೋಟುವಾದ್ಯ ಅಂದುಕೊಂಡೆ. ಹಾಸನದಲ್ಲಿ ಹದಿನೈದು ವರ್ಷ ವಯಸ್ಸಿನ ತನಕ ಸಂಗೀತ ಕಲಿತವಳು ನಾನು, ಆ ಜಾರು ನನ್ನ ಕಿವಿಗೆ ಹೊಸದಲ್ಲ. ಬೇಲಿಯ ಹತ್ತಿರ ಹೋಗಿ ನೋಡಿದರೆ ಪಕ್ಕದ ಮನೆಯ ಅಜ್ಜ ಒಂದು ಮೇಜಿನಂಥ ವಾದ್ಯದ ಮುಂದೆ ಕೂತಿದ್ದರು. ಎಡಗೈಯಲ್ಲಿ ಉಕ್ಕಿನ ತುಂಡು, ಬಲಗೈ ಬೆರಳಿಗೆ ಉಗುರು, ಕಾಲ ಕೆಳಗೆ ಪೆಡಲು, ಮೊಣಕಾಲಿಗೆ ತಾಗುವ ಹಾಗೆ ಸನ್ನೆಗಳು. ಪೆಡಲ್ ಸ್ಟೀಲ್ ಗಿಟಾರ್ ಅಂದರೆ ಅದು. ಮೈಯ ಅರ್ಧ ಭಾಗ ಅದಕ್ಕೇ ಬೇಕು.

ಯಾವ ಹಾಡು ಅಂತ ಕೇಳಿದೆ. 'ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ' ಅಂದರು. ಅವಳನ್ನು ಪ್ರೀತಿಸುವುದನ್ನು ಅವನು ಇವತ್ತು ನಿಲ್ಲಿಸಿದ ಅಂತ. ಕಂಟ್ರಿ ಗಾಯಕ ಜಾರ್ಜ್ ಜೋನ್ಸ್ ಹಾಡಿದ್ದು, 1980ರಲ್ಲಿ. ನಾನು ಕೇಳಿಲ್ಲ ಅಂದಾಗ ಅವರಿಗೆ ನಿಜವಾಗಿ ಬೇಜಾರಾಯಿತು. "ಇವತ್ತು ರಾತ್ರಿ ಕೇಳು. ಬೇರೆ ಕೆಲಸ ಮಾಡ್ತಾ ಕೇಳಬೇಡ" ಅಂದರು.

ರಾತ್ರಿ ಅಡುಗೆಮನೆ ದೀಪ ಆರಿಸಿ ಕೇಳಿದೆ. ಮೂರು ನಿಮಿಷ ಚಿಲ್ಲರೆ ಹಾಡು. ಒಬ್ಬ ಗಂಡಸು ಒಬ್ಬ ಹೆಂಗಸಿಗೆ, ಸಾಯುವ ತನಕ ನಿನ್ನನ್ನು ಪ್ರೀತಿಸುತ್ತೇನೆ ಅಂದಿದ್ದ. ಕಾಲ ಕಳೆದರೆ ಮರೆಯುತ್ತೀ ಅಂತ ಅವಳು ಹೇಳಿ ಹೋದಳು. ಅವನು ಅವಳ ಫೋಟೊ ಗೋಡೆಯಿಂದ ತೆಗೆಯಲಿಲ್ಲ. ಹಾಸಿಗೆ ಪಕ್ಕ 1962ನೇ ಇಸವಿಯ ಕಾಗದಗಳನ್ನು ಇಟ್ಟುಕೊಂಡಿದ್ದ. ಅದರಲ್ಲಿ ಪ್ರೀತಿ ಅನ್ನುವ ಮಾತು ಬಂದಲ್ಲೆಲ್ಲ ಕೆಂಪು ಗೆರೆ ಎಳೆದಿದ್ದ. ಇವತ್ತು ಅವನನ್ನು ನೋಡಿ ಬಂದೆ ಅನ್ನುತ್ತಾನೆ ಹಾಡುವವನು. ಕಣ್ಣೀರಿಲ್ಲ, ಚೆನ್ನಾಗಿ ಬಟ್ಟೆ ಹಾಕಿಕೊಂಡು ಹೊರಟಿದ್ದಾನೆ, ಎಷ್ಟೋ ವರ್ಷಕ್ಕೆ ಮುಖದಲ್ಲಿ ನಗು ಇದೆ. ಆಮೇಲೆ ಬಾಗಿಲಿಗೆ, ಸಾವಾದ ಮನೆಗೆ ಇಡುವಂಥ ಹೂವಿನ ಚಕ್ರ ಇಟ್ಟಿದ್ದಾರೆ ಅನ್ನುವ ಸಾಲು ಬರುತ್ತದೆ. ಆಗ ಗೊತ್ತಾಗುತ್ತದೆ. ಪ್ರೀತಿಸುವುದನ್ನು ಅವನು ಇವತ್ತು ನಿಲ್ಲಿಸಿದ್ದು ಹೇಗೆ ಅಂತ.

ನಾನು ಎದ್ದು ಇನ್ನೊಂದು ಸಲ ಹಾಕಿದೆ. ಆಮೇಲೆ ಎಷ್ಟು ಸಲ ಹಾಕಿದೆನೋ ಲೆಕ್ಕವಿಲ್ಲ. ಈ ಹಾಡನ್ನು ಹಾಡಲೇಬೇಕು ಅಂತ ಅವತ್ತೇ ಅನಿಸಿತು. ಕಲಿಯುವುದಕ್ಕೆ ಏಳು ತಿಂಗಳು ಹಿಡಿಯಿತು.

ಅಜ್ಜ ಪ್ರತಿ ಗುರುವಾರ ಒಂದು ಸಮುದಾಯ ಭವನಕ್ಕೆ ನುಡಿಸಲು ಹೋಗುತ್ತಿದ್ದರು. ಹತ್ತು ಹನ್ನೆರಡು ಜನ, ಹೆಚ್ಚಿನವರು ನಿವೃತ್ತರು. ಹೊಸಬರು ಬಂದರೆ ಒಂದೇ ನಿಯಮ: ಒಂದು ಹಾಡು ತರಬೇಕು, ಜೊತೆಗೆ ಅದರ ಚಾರ್ಟ್ ತರಬೇಕು. ಚಾರ್ಟ್ ಅಂದಾಗ ನನಗೆ ಹೊಳೆದದ್ದು ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ಪಟ್ಟಿ. ಸರಿ, ಈ ಹಾಡು ಪಟ್ಟಿಯಲ್ಲಿ ಎಲ್ಲಿತ್ತು ಅಂತ ತಿಳಿದುಕೊಂಡು ಬಾ ಅನ್ನುತ್ತಿದ್ದಾರೆ ಅಂದುಕೊಂಡೆ. ಹಳೆಯ ಬಿಲ್‌ಬೋರ್ಡ್ ಸಂಚಿಕೆಗಳು ಈಗ ನೆಟ್‌ನಲ್ಲೇ ಓದಲು ಸಿಗುತ್ತವೆ. ಎರಡು ರಾತ್ರಿ ಕೂತು ನೋಡಿದೆ.

ಅದರಿಂದ ನನಗೆ ಒಳ್ಳೆಯದೇ ಆಯಿತು, ಯಾಕೆಂದರೆ ಆ ಪಟ್ಟಿಯ ಕಥೆಯೂ ಹಾಡಿನಷ್ಟೇ ಹಿಡಿಸಿತು. ಬಿಲ್‌ಬೋರ್ಡ್‌ನವರು ಈ ಬಗೆಯ ಸಂಗೀತಕ್ಕೆ ಬೇರೆ ಪಟ್ಟಿ ಶುರು ಮಾಡಿದ್ದು 1944ರ ಜನವರಿಯಲ್ಲಿ. ಆಗ ಜೂಕ್‌ಬಾಕ್ಸ್‌ಗಳಲ್ಲಿ, ಅಂದರೆ ಕಾಸು ಹಾಕಿದರೆ ಹಾಡುವ ಪೆಟ್ಟಿಗೆಗಳಲ್ಲಿ, ಯಾವ ಹಾಡಿಗೆ ಜಾಸ್ತಿ ಕಾಸು ಬೀಳುತ್ತದೆ ಅನ್ನುವುದೇ ಲೆಕ್ಕ. 1980ರ ಹೊತ್ತಿಗೆ ರೇಡಿಯೊ ಕೇಂದ್ರಗಳೂ ಅಂಗಡಿಗಳೂ ಕಳಿಸುವ ವರದಿಯ ಮೇಲೆ ಪಟ್ಟಿ ನಡೆಯುತ್ತಿತ್ತು. ನಮ್ಮ ಹಾಡು ಎಪಿಕ್ ಕಂಪನಿಯಿಂದ ಬಿಡುಗಡೆಯಾಗಿದ್ದು ಆ ವರ್ಷದ ಏಪ್ರಿಲ್‌ನಲ್ಲಿ. ಒಂದೊಂದೇ ವಾರ ಮೇಲೆ ಬಂದು ಜುಲೈ 5ರ ಪಟ್ಟಿಯಲ್ಲಿ ಮೊದಲ ಸ್ಥಾನ. ಹಿಂದಿನ ವಾರ ಅಲ್ಲಿದ್ದದ್ದು ಓಕ್ ರಿಜ್ ಬಾಯ್ಸ್ ತಂಡದ ಹಾಡು. ಮುಂದಿನ ವಾರ ಚಾರ್ಲಿ ಪ್ರೈಡ್ ಬಂದು ಕೂತರು. ಅಂದರೆ ಇಷ್ಟು ದೊಡ್ಡ ಹಾಡು ಮೇಲಿದ್ದದ್ದು ಒಂದೇ ಒಂದು ವಾರ! ಪಟ್ಟಿಯಲ್ಲಿ ಒಟ್ಟು ಇದ್ದದ್ದು 18 ವಾರ.

ಇಷ್ಟನ್ನೂ ಬರೆದುಕೊಂಡು ಗುರುವಾರ ಹೋದೆ. ಅಜ್ಜ ಓದಿ, "ಇದನ್ನು ಜೋಪಾನವಾಗಿ ಇಟ್ಟುಕೊ. ಆದರೆ ಈ ಊರಲ್ಲಿ ನುಡಿಸುವವರಿಗೆ ಚಾರ್ಟ್ ಅಂದರೆ ಇದು" ಅಂತ ತಮ್ಮ ಚೀಲದಿಂದ ಒಂದು ಹಾಳೆ ತೆಗೆದರು. ಹಾಳೆ ತುಂಬ ಬರೀ ಅಂಕಿಗಳು. 1, 4, 5, 1. ಇನ್ನೊಂದು ಸಾಲು. ಮತ್ತೆ 1, 4, 5.

ಅದು ನ್ಯಾಶ್‌ವಿಲ್ ಅಂಕಿ ಪದ್ಧತಿ. ಕಾರ್ಡ್‌ಗಳನ್ನು, ಅಂದರೆ ಒಟ್ಟಿಗೆ ಮೀಟುವ ಸ್ವರಗಳ ಗುಂಪುಗಳನ್ನು, ಅವುಗಳ ಹೆಸರು ಹಿಡಿದು ಬರೆಯದೆ, ಶ್ರುತಿಯಿಂದ ಎಷ್ಟನೆಯದು ಅಂತ ಬರೆಯುವುದು. ಹಾಡುವವರ ಗಂಟಲಿಗೆ ತಕ್ಕಂತೆ ಶ್ರುತಿ ಏರಲಿ, ಇಳಿಯಲಿ, ಹಾಳೆ ಬದಲಾಯಿಸಬೇಕಿಲ್ಲ. ನನಗೆ ವಿವರಿಸಲು ಅಜ್ಜ ಹದಿನೈದು ನಿಮಿಷ ತೆಗೆದಿಟ್ಟಿದ್ದರಂತೆ. ನನಗೆ ಒಂದೇ ನಿಮಿಷ ಸಾಕಾಯಿತು. 1 ಅಂದರೆ ಷಡ್ಜ, 4 ಅಂದರೆ ಮಧ್ಯಮ, 5 ಅಂದರೆ ಪಂಚಮ. ನಮ್ಮಲ್ಲಿ ಸ ಅನ್ನುವುದು ಯಾವತ್ತೂ ಒಂದೇ ಜಾಗಕ್ಕೆ ಅಂಟಿಕೊಂಡಿಲ್ಲ, ಅಲ್ವಾ? ಹಾಡುವವರು ಎಲ್ಲಿ ಇಟ್ಟುಕೊಂಡರೆ ಅಲ್ಲಿ. ಸರಳೆ ವರಸೆ ಕಲಿತ ಯಾವ ಹುಡುಗಿಗೂ ಈ ಹಾಳೆ ಓದಲು ಬರುತ್ತದೆ. ಇದನ್ನು ಹೇಳಿದಾಗ ಅಜ್ಜ ಖುಷಿಯಿಂದ ಉಳಿದವರನ್ನೆಲ್ಲ ಕರೆದು ಮತ್ತೆ ಹೇಳಿಸಿದರು. ನಾನು ಸ ರಿ ಗ ಮ ಹಾಡಿದೆ. ಗಿಟಾರಿನವರು ಅದರ ಕೆಳಗೆ 1, 4, 5 ಹಿಡಿದರು. ಈ ಊರಿನಲ್ಲಿ ನನಗೆ ಸಿಕ್ಕ ಅತಿ ಒಳ್ಳೆಯ ಗಳಿಗೆಗಳಲ್ಲಿ ಅದೂ ಒಂದು.

ಈ ಪದ್ಧತಿ ತಂದವರು ಜಾರ್ಡನೇರ್ಸ್ ಗಾಯಕ ತಂಡದ ನೀಲ್ ಮ್ಯಾಥ್ಯೂಸ್ ಜೂನಿಯರ್, 1950ರ ದಶಕದ ಕೊನೆಯಲ್ಲಿ. ಅದನ್ನು ಸ್ಟುಡಿಯೊಗಳ ತುಂಬ ಹರಡಿಸಿದವರಲ್ಲಿ ಮುಖ್ಯರು ಚಾರ್ಲಿ ಮೆಕಾಯ್. ಇದೇ ಚಾರ್ಲಿ ಮೆಕಾಯ್ ಜೋನ್ಸ್ ಹಾಡಿನಲ್ಲಿ ಹಾರ್ಮೊನಿಕಾ ನುಡಿಸಿದ್ದಾರೆ. ಹೆಡ್‌ಫೋನ್ ಹಾಕಿ ಕೇಳಿದರೆ ದೂರದಲ್ಲಿ ಯಾರೋ ಉಸಿರೆಳೆದ ಹಾಗೆ ಕೇಳಿಸುತ್ತದೆ.

ಚಾರ್ಟ್ ಬರೆಯುವ ಕೆಲಸ ಎರಡು ವಾರದಲ್ಲಿ ಮುಗಿಯಿತು. ಹೆಚ್ಚುಕಡಿಮೆ 1, 4, 5ರ ಸುತ್ತಲೇ ತಿರುಗುವ ಹಾಡು, ಕಷ್ಟವಿಲ್ಲ. ಉಚ್ಚಾರಕ್ಕೆ ಒಂದು ತಿಂಗಳು ಬೇಕಾಯಿತು. ನಾವು ಟ, ಡ ಅನ್ನುವುದು ಇವರ ಹಾಡಿನಲ್ಲಿ ಕಲ್ಲಿನ ಹಾಗೆ ಬೀಳುತ್ತದೆ. ಅದನ್ನು ಮೆತ್ತಗೆ ಮಾಡಿಕೊಂಡೆ.

ಹಾಡುವ ರೀತಿ ಕಲಿಯಲು ಮಾತ್ರ ಬಹಳ ದಿನ ಹಿಡಿಯಿತು. ಜೋನ್ಸ್ ಬಾಯಿ ಪೂರ್ತಿ ತೆರೆಯದೆ ಹಾಡುತ್ತಾರೆ. ಮೊದಲ ಸಾಲುಗಳನ್ನು ಸುಮ್ನೆ ಪಕ್ಕದಲ್ಲಿ ಕೂತವರಿಗೆ ಹೇಳಿದ ಹಾಗೆ ಶುರು ಮಾಡುತ್ತಾರೆ. ಎಲ್ಲೂ ಅಳುವುದಿಲ್ಲ. ಪಲ್ಲವಿಗೆ ಬಂದಾಗ ದನಿ ಮೇಲೇಳುತ್ತದೆ, ಅದರ ಹಿಂದೆ ಪಿಟೀಲುಗಳೂ ಮಿಲಿ ಕರ್ಕಮ್ ಅನ್ನುವ ಗಾಯಕಿಯ ಎತ್ತರದ ದನಿಯೂ ಏಳುತ್ತವೆ. ನಮ್ಮ ಭಾವಗೀತೆಯಲ್ಲಿ ಮಾತು ಒಡೆಯದ ಹಾಗೆ ರಾಗ ಹಿಡಿಯಬೇಕು ಅನ್ನುತ್ತಾರಲ್ಲ, ಅದೇ ಶಿಸ್ತು ಇಲ್ಲಿಯೂ ಇದೆ. ಒಂದು ಪದ ಕೇಳುಗರಿಗೆ ತಪ್ಪಿದರೆ ಕಥೆ ತಪ್ಪಿತು. ಗಮಕ ಹಾಕುವ ಆಸೆ ನನಗೆ ಎಲ್ಲೆಲ್ಲೂ ಬರುತ್ತಿತ್ತು. ಒಂದೊಂದನ್ನೇ ಕಳಚಿದೆ. ಕೊನೆಗೆ ಎರಡು ಉಳಿಸಿಕೊಂಡೆ. ಅವು ಜೋನ್ಸ್ ಹಾಡಿನಲ್ಲೂ ಇವೆ.

ಮೂರನೇ ತಿಂಗಳಲ್ಲಿ ಭವನದಲ್ಲಿ ಮೊದಲ ಸಲ ಹಾಡಿದೆ. ಪಲ್ಲವಿ ತನಕ ಚೆನ್ನಾಗಿಯೇ ಹೋಯಿತು. ಆಮೇಲೆ ಈ ಹಾಡಿನಲ್ಲಿ ಒಂದು ಜಾಗ ಬರುತ್ತದೆ. ಅಲ್ಲಿ ಹಾಡು ನಿಲ್ಲುತ್ತದೆ, ಜೋನ್ಸ್ ಮಾತಾಡುತ್ತಾರೆ. ನಾಲ್ಕೇ ಸಾಲು. ಅವಳು ಕೊನೆಯ ಸಲ ಅವನನ್ನು ನೋಡಲು ಬಂದಳು, ಬರುತ್ತಾಳೋ ಇಲ್ಲವೋ ಅಂತ ನಾವೆಲ್ಲ ಅಂದುಕೊಂಡಿದ್ದೆವು, ಈ ಸಲ ಅವನು ಅವಳನ್ನು ಪೂರ್ತಿ ಮರೆತ ಅಂತ ನನ್ನ ಮನಸ್ಸಿನಲ್ಲಿ ಓಡುತ್ತಲೇ ಇತ್ತು. ಇಷ್ಟೇ. ನಾನು ಆ ನಾಲ್ಕು ಸಾಲನ್ನು ಎರಡೇ ಸಾಲಿನ ಜಾಗದಲ್ಲಿ ಹೇಳಿ ಮುಗಿಸಿಬಿಟ್ಟೆ. ಉಳಿದ ಜಾಗದಲ್ಲಿ ವಾದ್ಯ ನಡೆಯುತ್ತಿತ್ತು, ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಮುಂದಿನ ವಾರ ನಿಧಾನ ಮಾಡಿದೆ. ಆಗ ಪಾಠ ಒಪ್ಪಿಸಿದ ಹಾಗೆ ಕೇಳಿಸಿತು. ಅದರ ಮುಂದಿನ ವಾರ ದುಃಖ ತುಂಬಿಸಿದೆ. ಅದು ಇನ್ನೂ ಕೆಟ್ಟದಾಯಿತು. ಹಾಡುವಾಗ ಶ್ರುತಿ ಕೈ ಹಿಡಿದು ನಡೆಸುತ್ತದೆ. ಮಾತಿಗೆ ಯಾರೂ ಇಲ್ಲ.

"ಜೋನ್ಸ್‌ಗೂ ಅಲ್ಲೇ ಕಷ್ಟವಾಗಿತ್ತು" ಅಂದರು ಅಜ್ಜ. ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ 1996ರಲ್ಲಿ ಬಂದ ಜೋನ್ಸ್ ಆತ್ಮಕಥೆಯನ್ನು ಲೈಬ್ರರಿಯಿಂದ ತಂದು ಓದಿದೆ. ನಿಜವೇ. ಕುಡಿತ ಜೋನ್ಸ್ ಬದುಕನ್ನು ನುಂಗುತ್ತಿದ್ದ ಕಾಲ ಅದು. ಕಾರ್ಯಕ್ರಮ ಒಪ್ಪಿಕೊಂಡು ಬಾರದೆ ಇದ್ದದ್ದಕ್ಕೆ ಜನ 'ನೋ ಶೋ ಜೋನ್ಸ್' ಅಂತಲೇ ಕರೆಯುತ್ತಿದ್ದರು. ಕುಡಿದಾಗಲೂ ಹಾಡಬಲ್ಲೆ, ಆದರೆ ಕುಡಿದಾಗ ತೊದಲದೆ ಮಾತಾಡಲು ಆಗುತ್ತಿರಲಿಲ್ಲ ಅಂತ ಅವರೇ ಬರೆದಿದ್ದಾರೆ. ಆ ನಾಲ್ಕು ಸಾಲು ಮಾತಿಗೆ ಬೇಕಾದಷ್ಟು ಎಚ್ಚರದಲ್ಲಿ ಅವರು ಸಿಗಲೇ ಇಲ್ಲವಂತೆ. ಮೂರು ನಿಮಿಷದ ಹಾಡು ಮುಗಿಯಲು ಸುಮಾರು 18 ತಿಂಗಳು ಬೇಕಾಯಿತು ಅನ್ನುತ್ತಾರೆ. ಅದನ್ನು ಓದಿ ನನಗೆ ಅವರ ಮೇಲೆ ತುಂಬ ಮರುಕ ಬಂತು. ಆ ಹೊತ್ತಿಗೆ ಹೆಂಡತಿ, ಗಾಯಕಿ ಟ್ಯಾಮಿ ವೈನೆಟ್ ಜೊತೆ ವಿಚ್ಛೇದನ ಆಗಿ ಐದು ವರ್ಷ. ಹಾಡಿನಲ್ಲಿ ಐದಾರು ವರ್ಷದಿಂದ ಅವರೊಬ್ಬರೇ ಹಾಡಿದ ಒಂದೂ ಹಾಡು ಪಟ್ಟಿಯ ತುದಿ ಮುಟ್ಟಿರಲಿಲ್ಲ.

ಹಾಡು ಬರೆದವರು ಬಾಬಿ ಬ್ರ್ಯಾಡಕ್ ಮತ್ತು ಕರ್ಲಿ ಪುಟ್‌ಮನ್. ನಿರ್ಮಾಪಕ ಬಿಲ್ಲಿ ಶೆರಿಲ್. ಶೆರಿಲ್ ಬರೆದವರಿಂದ ಮತ್ತೆ ಮತ್ತೆ ತಿದ್ದಿಸಿದರು. ಮೊದಲಿದ್ದ ರೂಪದಲ್ಲಿ ಅವನು ಬೇಗ ಸತ್ತುಬಿಡುತ್ತಿದ್ದ. ಅವಳು ಅಂತ್ಯಕ್ರಿಯೆಗೆ ಬರುವ ಒಂದು ಜಾಗ ಬೇಕು ಅಂತ ಶೆರಿಲ್ ಹಟ ಹಿಡಿದರು. ಹಾಗೆ ಹುಟ್ಟಿದ್ದು ಆ ನಾಲ್ಕು ಸಾಲು. ಜೋನ್ಸ್‌ಗೆ ಹಾಡೇ ಹಿಡಿಸಿರಲಿಲ್ಲ. ಇಷ್ಟು ಉದ್ದ, ಇಷ್ಟು ಸೂತಕದ ಹಾಡನ್ನು ಯಾರು ಕೊಂಡುಕೊಳ್ಳುತ್ತಾರೆ ಅಂದಿದ್ದರು. ಸ್ಟುಡಿಯೊದಲ್ಲಿ ಅವರು ಮತ್ತೆ ಮತ್ತೆ ಕ್ರಿಸ್ ಕ್ರಿಸ್ಟಾಫರ್ಸನ್ ಬರೆದ ಬೇರೊಂದು ಹಾಡಿನ ಧಾಟಿಗೆ ಜಾರುತ್ತಿದ್ದರಂತೆ.

ಇದೆಲ್ಲ ಗೊತ್ತಾದರೂ ನನ್ನ ಮಾತು ಸರಿಹೋಗಲಿಲ್ಲ. ಅದನ್ನು ಸರಿ ಮಾಡಿದ್ದು ಅಮ್ಮ.

ಅಮ್ಮ ಹಾಸನದಲ್ಲಿ ಇದ್ದಾರೆ. ನಮ್ಮ ರಾತ್ರಿ ಅವರ ಬೆಳಗ್ಗೆ. ಒಂದು ದಿನ ಫೋನಿನಲ್ಲಿ, "ಅದೇನೇ ಅದು, ತಿಂಗಳಿಂದ ಒಂದೇ ಹಾಡು ಅಂತೀಯ, ಅರ್ಥ ಏನು ಹೇಳು" ಅಂದರು. ನಾನು ಕನ್ನಡದಲ್ಲಿ ಕಥೆ ಹೇಳಿದೆ. ಕಾಗದ, ಕೆಂಪು ಗೆರೆ, ಗೋಡೆ ಮೇಲಿನ ಫೋಟೊ. ಬಾಗಿಲಿಗೆ ಹೂವಿನ ಚಕ್ರ ಇಟ್ಟರು ಅಂದ ಕೂಡಲೇ ಅಮ್ಮನಿಗೆ ತಿಳಿಯಿತು. "ಅಯ್ಯೋ" ಅಂದರು. ಒಂದು ಗಳಿಗೆ ಸುಮ್ಮನಿದ್ದು ಕೇಳಿದರು: "ಅವಳು ಬಂದ್ಲಾ ಕೊನೆಗೆ?"

"ಬಂದ್ಲು ಅಮ್ಮ. ಬರ್ತಾಳೋ ಇಲ್ವೋ ಅಂತ ಎಲ್ಲರೂ ಕಾಯ್ತಾ ಇದ್ರು. ಬಂದ್ಲು."

ಹೇಳಿದ ಮೇಲೆ ನನಗೆ ಮೈ ಜುಮ್ಮೆಂದಿತು. ಶೆರಿಲ್ ಯಾಕೆ ಅಷ್ಟು ಹಟ ಮಾಡಿದರು ಅನ್ನುವುದು ಆಗ ತಿಳಿಯಿತು. ಕಥೆ ಕೇಳುತ್ತಿರುವವರು ಯಾರೇ ಆಗಲಿ, ಯಾವ ಊರಿನವರೇ ಆಗಲಿ, ಆ ಜಾಗದಲ್ಲಿ ಇದೊಂದನ್ನು ಕೇಳುತ್ತಾರೆ. ಆ ನಾಲ್ಕು ಸಾಲು ಅದಕ್ಕೆ ಕೊಡುವ ಉತ್ತರ. ನಾನು ಇಷ್ಟು ದಿನ ಯಾರೂ ಕೇಳದ ಉತ್ತರ ಹೇಳುತ್ತಿದ್ದೆ. ಅಮ್ಮನಿಗೆ ಹೇಳಿದ ದನಿಯಲ್ಲಿ ದುಃಖ ತುಂಬಿಸಿರಲಿಲ್ಲ, ನಿಧಾನವನ್ನೂ ಬೇಕೆಂದು ಮಾಡಿರಲಿಲ್ಲ. ಸಾವಿನ ಮನೆಗೆ ಹೋಗಿ ಬಂದವರು ಜಗಲಿಯಲ್ಲಿ ಕೂತು ಹೇಳುವ ದನಿ ಅದು.

ಇನ್ನೊಂದೂ ನೆನಪಾಯಿತು. ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲಿ ಹರಿಕಥೆ ನಡೆಯುತ್ತಿತ್ತು. ದಾಸರು ಹಾಡುತ್ತಾ ಹಾಡುತ್ತಾ ನಿಲ್ಲಿಸಿ ಮಾತಿಗೆ ಇಳಿಯುತ್ತಿದ್ದರು. ಹಾರ್ಮೋನಿಯಂನವರು ಬರೀ ಶ್ರುತಿ ಹಿಡಿದು ಕೂತಿರುತ್ತಿದ್ದರು, ತಾಳ ಸುಮ್ಮನಾಗುತ್ತಿತ್ತು. ಮಾತು ಮುಗಿಯುವ ಕೊನೆಯ ಪದ ಶ್ರುತಿಗೆ ಬಂದು ಕೂತರೆ ಸಾಕು, ಅಲ್ಲಿಂದ ಪದ್ಯ ಎದ್ದುಕೊಳ್ಳುತ್ತಿತ್ತು.

ಗುರುವಾರ ಇದನ್ನು ಅಜ್ಜನಿಗೆ ಹೇಳಿದೆ. ಮಾತಿನ ಹೊತ್ತಿಗೆ ಗಿಟಾರು ಹೀಗೆ ತಟ್ಟುತ್ತಾ ಹೋದರೆ ನನಗೆ ಓಡಿಸಿದ ಹಾಗಾಗುತ್ತದೆ ಅಂದೆ. ಅವರು ನನ್ನ ಚಾರ್ಟ್ ತೆಗೆದುಕೊಂಡು ಪೆನ್ಸಿಲಿನಿಂದ ಆ ಸಾಲಿನ ಒಂದೊಂದು ಅಂಕಿಯ ಸುತ್ತಲೂ ಒಂದು ವಜ್ರದ ಆಕಾರ ಬರೆದರು. ಅಂಕಿ ಪದ್ಧತಿಯಲ್ಲಿ ಅದರ ಅರ್ಥ ಇಷ್ಟು: ಒಂದು ಸಲ ಮೀಟಿ ಬಿಡು, ಆ ನಾದ ಪೂರ್ತಿ ಬಾರ್, ಅಂದರೆ ತಾಳದ ಒಂದು ಸುತ್ತು, ಹಾಗೇ ನಿಲ್ಲಲಿ. "ಈಗ ನಿನಗೆ ಜಾಗ ಆಯಿತು" ಅಂದರು. ಹಾರ್ಮೋನಿಯಂ ಶ್ರುತಿ ಹಿಡಿಯುವುದಕ್ಕೆ ಇಲ್ಲಿ ಇಂಥದೊಂದು ಗುರುತು ಇರುತ್ತದೆ ಅಂತ ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಮತ್ತೆ ಎರಡು ತಿಂಗಳು ಅಭ್ಯಾಸ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಕಾರಿನಲ್ಲಿ ಆ ನಾಲ್ಕು ಸಾಲನ್ನು ಹೇಳಿಕೊಳ್ಳುತ್ತಿದ್ದೆ. ಒಂದು ಶನಿವಾರ ವುಡ್‌ಲಾನ್ ಸ್ಮಶಾನಕ್ಕೆ ಹೋದೆ. ಜೋನ್ಸ್ 2013ರ ಏಪ್ರಿಲ್ 26ರಂದು ತೀರಿಕೊಂಡರು. ಕಂಟ್ರಿ ಸಂಗೀತದ ಹೆಸರಾಂತ ರಂಗಮಂದಿರ ಗ್ರ್ಯಾಂಡ್ ಓಲ್ ಆಪ್ರಿ ಹೌಸ್‌ನಲ್ಲಿ ನಡೆದ ಅವರ ಅಂತಿಮ ನಮನದಲ್ಲಿ ಗಾಯಕ ಆಲನ್ ಜ್ಯಾಕ್ಸನ್ ಇದೇ ಹಾಡು ಹಾಡಿದರು. ಸಮಾಧಿಯ ಕಮಾನಿನ ಮೇಲೂ ಈ ಹಾಡಿನ ಹೆಸರೇ ಕೆತ್ತಿದ್ದಾರೆ. ಟ್ಯಾಮಿ ವೈನೆಟ್ ಇರುವುದೂ ಅದೇ ಸ್ಮಶಾನದಲ್ಲಿ. ಅಲ್ಲಿ ನಾನು ಹಾಡಲಿಲ್ಲ, ಸ್ವಲ್ಪ ಹೊತ್ತು ನಿಂತು ಬಂದೆ.

ಪಟ್ಟಿಯ ವಿಷಯ ಅಜ್ಜನ ಜೊತೆ ಮತ್ತೊಮ್ಮೆ ಬಂತು. ಒಂದೇ ವಾರ ಮೊದಲ ಸ್ಥಾನ ಅನ್ನುವುದು ನನಗೆ ಒಳಗೊಳಗೆ ಅನ್ಯಾಯ ಅನಿಸುತ್ತಿತ್ತು. ಈಗ ಸ್ಟ್ರೀಮಿಂಗ್ ಎಲ್ಲ ಲೆಕ್ಕಕ್ಕೆ ಬಂದ ಮೇಲೆ, ಅಂದರೆ 2012ರ ಕೊನೆಯಿಂದ, ಕೆಲವು ಹಾಡುಗಳು ತಿಂಗಳುಗಟ್ಟಲೆ ತುದಿಯಲ್ಲಿ ಕೂತಿರುತ್ತವೆ. ಅಜ್ಜ ಹೇಳಿದರು: "ಆಗ ರೇಡಿಯೊದವರು ಹೊಸ ಹಾಡಿಗೆ ಬೇಗ ಜಾಗ ಬಿಡುತ್ತಿದ್ದರು. ತುದಿ ಮುಟ್ಟಿತು ಅಂದರೆ ಇಳಿಯುವ ಹೊತ್ತಾಯಿತು ಅಂತಲೇ." ಆದರೆ ಈ ಹಾಡು ಜೋನ್ಸ್‌ಗೆ ಮಾಡಿದ್ದು ಪಟ್ಟಿಯಿಂದ ಇಳಿದ ಮೇಲೂ ನಿಲ್ಲಲಿಲ್ಲ. ಗ್ರ್ಯಾಮಿ ಬಂತು. ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ 1980ರಲ್ಲೂ 1981ರಲ್ಲೂ, ಎರಡು ವರ್ಷ ಇದನ್ನೇ ವರ್ಷದ ಹಾಡು ಅಂದಿತು. 2,500 ಡಾಲರಿಗೆ ಕರೆಯಲೂ ಹೆದರುತ್ತಿದ್ದವರು 25,000 ಡಾಲರ್ ಕೊಡಲು ಬಂದರು ಅಂತ ಜೋನ್ಸ್ ಬರೆದುಕೊಂಡಿದ್ದಾರೆ. 2008ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಕಾಪಾಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆ ಪಟ್ಟಿಯಿಂದ ಯಾರೂ ಇಳಿಯುವುದಿಲ್ಲ.

ಏಳನೇ ತಿಂಗಳ ಎರಡನೇ ಗುರುವಾರ ಮತ್ತೆ ಹಾಡಿದೆ. ಪಲ್ಲವಿ ಆಯಿತು. ಗಿಟಾರು ಒಂದು ಸಲ ಮೀಟಿ ನಿಂತಿತು. ನಾನು ಎದುರಿಗೆ ಕೂತವರನ್ನು ನೋಡಿದೆ. ಅವರಿಗೆಲ್ಲ ಈ ಹಾಡು ನನಗಿಂತ ಚೆನ್ನಾಗಿ ಗೊತ್ತು. ಆದರೂ ಅವಳು ಬಂದಳೋ ಇಲ್ಲವೋ ಅಂತ ಕಾಯುತ್ತಿದ್ದ ಹಾಗೆ ಇತ್ತು ಅವರ ಮುಖ. ಹೇಳಿದೆ. ಎರಡನೇ ಸಾಲಿನಲ್ಲಿ ನನ್ನ ದನಿ ಸ್ವಲ್ಪ ಹಿಡಿಯಿತು, ನಿಲ್ಲಿಸಿ ಮುಂದಕ್ಕೆ ಹೋದೆ. ಕೊನೆಯ ಪದ ಶ್ರುತಿಗೆ ಬಂದು ಕೂತಿತು. ಅಜ್ಜನ ಸ್ಟೀಲ್ ಅಲ್ಲಿಂದ ಎದ್ದುಕೊಂಡಿತು.

ಹೊರಗೆ ಬಂದಾಗ ಒಂಬತ್ತೂವರೆ. ಕಾರಿನಲ್ಲಿ ಕೂತು ಹಾಸನಕ್ಕೆ ಫೋನ್ ಮಾಡಿದೆ. ಅಲ್ಲಿ ಬೆಳಗ್ಗೆ ಎಂಟು ಗಂಟೆ, ಅಮ್ಮ ಒಲೆಯ ಮುಂದೆ ಇದ್ದರು.

"ಹೆಂಗಾಯ್ತೇ? ಆ ಮಾತಿನ ಹತ್ರ ಸರಿಹೋಯ್ತಾ?"

"ಹೋಯ್ತಮ್ಮ."

"ತಡಿ, ಕುಕ್ಕರ್ ಇಳಿಸ್ತೀನಿ. ಹಾಡು ಈಗ."

ಅವರು ಫೋನನ್ನು ಕಟ್ಟೆಯ ಮೇಲೆ ಇಟ್ಟ ಸದ್ದು ಕೇಳಿಸಿತು. ನಾನು ಶ್ರುತಿ ಹಿಡಿದು ಮೊದಲಿಂದ ಶುರು ಮಾಡಿದೆ.